ದೋಸ್ತರ ಹೆಜ್ಜೆಗೆ

ಹೋದ ವಾರ ಓಟದ ಬೂಟಿನ ಬಗ್ಗೆ ಬರೆದಿದ್ದೆ. ಈ ವಾರ ಬೂಟನ್ನೇ ಹಾಕದ ನನ್ನ ಗೆಳೆಯರ ಮಾತು.

ನಾವು ಐವರು. ನಸುಕಿನಲ್ಲೆದ್ದು ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಗೆ ಓಡಲು ಹೋಗುವವನು ನಾನೊಬ್ಬನೇ. ಉಳಿದವರು ಕೂಡುವುದು ಸಂಜೆ, ಗಿರ್ಮಿಟ್ ಮಿರ್ಚಿಯ ಮುಂದೆ. ಅಲ್ಲಿಗೆ ನಾನೂ ಹೋಗುತ್ತೇನೆ, ಮಿರ್ಚಿಯನ್ನೂ ತಿನ್ನುತ್ತೇನೆ. ದೋಸ್ತರ ನಡುವೆ ಕೂತು ತಟ್ಟೆ ಆಚೆ ಸರಿಸುವವನ ಮಾತನ್ನು ಮುಂದೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹೋದ ಚಳಿಗಾಲದಲ್ಲಿ ಅವರಲ್ಲೊಬ್ಬನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ದಿನಾ ನಡೆಯಿರಿ ಎಂದರು ಡಾಕ್ಟರು. ಮರುದಿನವೇ ಅವನನ್ನು ನೃಪತುಂಗ ಬೆಟ್ಟಕ್ಕೆ ಕರೆದುಕೊಂಡು ಹೋದೆ. ನನಗದು ಸಣ್ಣ ಏರು. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತ ಮೈಗೆ ಅದು ಬೆಟ್ಟವೇ. ನಾನು ನಾಲ್ಕು ಮಾರು ಮುಂದೆ ನಡೆಯುತ್ತ, ತಿರುಗಿ ತಿರುಗಿ ‘ಬಾ, ಬಾ, ಇನ್ನ ಸ್ವಲ್ಪ ಐತಿ’ ಎನ್ನುತ್ತಿದ್ದೆ. ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟ. ‘ಲೇ ದೋಸ್ತ, ನೀ ಮುಂದ ನಡಿ. ನಾ ಇಲ್ಲೇ ಕುಂತಿರ್ತೀನಿ’ ಎಂದ. ಆಮೇಲೆ ಒಂದು ತಿಂಗಳು ನಡಿಗೆಯ ಸುದ್ದಿಯನ್ನೇ ತೆಗೆಯಲಿಲ್ಲ. ಅವನನ್ನು ಮೈಗಳ್ಳನೆಂದುಕೊಂಡೆ. ತಪ್ಪು ನನ್ನದಿತ್ತು.

ಗರಡಿಮನೆಗಳ ಸೀಮೆಯಲ್ಲಿ ಬೆಳೆದವನು ಈ ತಪ್ಪು ಮಾಡಬಾರದಿತ್ತು. ಗರಡಿಗೆ ಹೊಸದಾಗಿ ಬಂದ ಹುಡುಗನನ್ನು ಮೊದಲ ದಿನವೇ ಕುಸ್ತಿಗೆ ಬಿಡುವುದಿಲ್ಲ. ಕೈಗೆ ಗುದ್ದಲಿ ಕೊಟ್ಟು ಕೆಮ್ಮಣ್ಣು ಅಗೆಯಲು ಹಚ್ಚುತ್ತಾರೆ, ಅದೇ ಅವನ ಸಾಮು. ಮುಂದೆ ದಂಡ, ಬಸ್ಕಿ. ಹಿರಿಯ ಪೈಲ್ವಾನ ಕಿರಿಯನೊಡನೆ ಹಿಡಿದಾಗ ತನ್ನ ಬಲವನ್ನೆಲ್ಲ ಹಾಕುವುದಿಲ್ಲ. ಎದುರಿನವನು ಪಟ್ಟು ಕಲಿಯುವಷ್ಟು ಮೈ ಬಿಟ್ಟುಕೊಡುತ್ತಾನೆ. ಜೋಡಿ ಇಲ್ಲದೆ ಕುಸ್ತಿ ಇಲ್ಲ ಎಂಬುದು ಅವನಿಗೆ ಗೊತ್ತು.

ಈಗ ನಾನೂ ಗೆಳೆಯರ ಹೆಜ್ಜೆಗೇ ನಡೆಯುತ್ತೇನೆ. ಆ ನಡಿಗೆಯ ವೇಗ ಅಳೆಯಲು ಗಡಿಯಾರ ಬೇಕಿಲ್ಲ. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಮಧ್ಯಮ ಶ್ರಮ ಎಂದರೆ ಇಷ್ಟೇ. ನನ್ನ ಗೆಳೆಯರಿಗಿಂತ ಒಳ್ಳೆಯ ಅಳತೆಗೋಲು ಎಲ್ಲಿ ಸಿಕ್ಕೀತು? ಅವರ ಮಾತು ನಿಲ್ಲುವುದೇ ಇಲ್ಲ. ಮಾತು ನಡುವೆ ತುಂಡಾದರೆ ನಾನು ಹೆಜ್ಜೆ ತಗ್ಗಿಸುತ್ತೇನೆ. ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಶ್ರಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಮ್ಮೆಗೆ ಹತ್ತು ನಿಮಿಷವಾದರೂ ಆಗಲೇಬೇಕೆಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿ ಕೈಬಿಟ್ಟಿದೆ. ನನ್ನ ದೋಸ್ತರಂಥವರಿಗೆ ಇದು ದೊಡ್ಡ ಸುದ್ದಿ: ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡುವ ಗೆಳೆಯನಿಗೆ ನಾನು ಹೇಳಿದ ಕತೆ ಲಂಡನ್ನಿನದು. ಜೆರೆಮಿ ಮಾರಿಸ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು ಅಲ್ಲಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಅಭ್ಯಾಸ ಮಾಡಿ 1953ರಲ್ಲಿ ವರದಿ ಪ್ರಕಟಿಸಿದರು. ದಿನವಿಡೀ ಕೂತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಇತ್ತು. ಆ ಕಂಡಕ್ಟರುಗಳು ವ್ಯಾಯಾಮಕ್ಕೆಂದು ಹತ್ತಿಳಿಯುತ್ತಿರಲಿಲ್ಲ, ಟಿಕೆಟ್ ಹರಿಯುತ್ತಿದ್ದರು ಅಷ್ಟೆ. ಗೆಳೆಯ ಈಗ ಒಂದು ನಿಲ್ದಾಣ ಮೊದಲೇ ಇಳಿಯುತ್ತಾನೆ.

ದೋಸ್ತರ ಹೆಜ್ಜೆಗೆ ನಡೆಯುವುದರಿಂದ ನನ್ನ ಓಟಕ್ಕೆ ನಷ್ಟವಿಲ್ಲ. ಜೋರಿನ ಓಟ ವಾರದಲ್ಲಿ ಎರಡು ದಿನ, ಒಬ್ಬನೇ. ದೂರ ಓಡುವವನಿಗೆ ಮೈ ಚೇತರಿಸಿಕೊಳ್ಳುವ ಹಗುರ ದಿನವೂ ಬೇಕೇ ಬೇಕು. ಆ ದಿನವನ್ನು, ಅಂದರೆ ರವಿವಾರವನ್ನು, ದೋಸ್ತರಿಗೆ ಕೊಟ್ಟಿದ್ದೇನೆ. ಉಣಕಲ್ ಕೆರೆಯ ದಂಡೆ, ಅವರದೇ ಹೆಜ್ಜೆ, ಕೊನೆಗೆ ಚಹಾ.

ಮೊನ್ನೆ ರವಿವಾರ ನಾಲ್ಕನೆಯವನೂ ಬಂದ, ಚಪ್ಪಲಿಯಲ್ಲೇ. ಮಾತಿನ ಭರದಲ್ಲಿ ನನ್ನ ಕಾಲು ಚುರುಕಾದದ್ದು ನನಗೆ ತಿಳಿಯಲಿಲ್ಲ. ಬೆಟ್ಟದ ಅರ್ಧಕ್ಕೆ ಕೂತಿದ್ದನಲ್ಲ, ಅವನೇ ನನ್ನ ತೋಳು ಹಿಡಿದು ಜಗ್ಗಿದ.

‘ಸಾವಕಾಶ ನಡೀಲೇ, ಅಂವಗ ದಮ್ಮ ಹತ್ತೇತಿ.’