ಹೊಸ ತೆನೆಯ ಆರಾಧನೆ ಮತ್ತು ಎರೆ ನೆಲದ ಕಾಲಮಾನ



ಕಥೆ, ಕಾವ್ಯ, ನಾಟಕಗಳನ್ನು ವಿಮರ್ಶಿಸುವಂತೆ ಆರಾಧನಾ ವಿಧಿಯೊಂದನ್ನು ವಿಮರ್ಶಿಸಬಹುದೇ ಎಂದು ನೀವು ಕೇಳಬಹುದು. ವಿಧಿಗೂ ಒಂದು ಪಠ್ಯವಿದೆ. ಅದನ್ನು ಆಚರಿಸುವ ಕಾಲವಿದೆ, ಸ್ಥಳವಿದೆ, ಅದರಲ್ಲಿ ಪಾಲ್ಗೊಳ್ಳುವ ಜನರಿದ್ದಾರೆ. ಈ ನಾಲ್ಕೂ ಒಂದಕ್ಕೊಂದು ಹೊಂದಿಕೊಂಡಿವೆಯೇ ಎಂದು ಪರಿಶೀಲಿಸುವುದು ಆರಾಧನೆಗೆ ತೋರುವ ಅಗೌರವವಲ್ಲ. ಅದನ್ನು ಗಂಭೀರವಾಗಿ ಪರಿಗಣಿಸಿದ್ದೇವೆ ಎಂಬುದರ ಗುರುತು. ಈ ಲೇಖನದಲ್ಲಿ ಹೊಸ ಬೆಳೆಯ ಆಶೀರ್ವಾದ ಹಾಗೂ ಸುಗ್ಗಿಯ ಕೃತಜ್ಞತಾ ಬಲಿಪೂಜೆಯನ್ನು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸೂಗೂರು ಸೀಮೆಯ ಹೊಲಗಳ ನಡುವೆ ಇಟ್ಟು ನೋಡೋಣ.

ದಿನಾಂಕದ ಪ್ರಶ್ನೆ

ಕರ್ನಾಟಕದ ಕಥೋಲಿಕರಿಗೆ ತೆನೆ ಹಬ್ಬವೆಂದೊಡನೆ ನೆನಪಾಗುವುದು ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವ. ಕರಾವಳಿಯಲ್ಲಿ ಈ ಹೊಂದಿಕೆ ಸಹಜವಾದುದು. ಜೂನ್ ತಿಂಗಳಿನಿಂದ ಬಿಡದೆ ಸುರಿದ ಮಳೆಗೆ ಬೆಳೆದ ಭತ್ತ ಆ ಹೊತ್ತಿಗೆ ತೆನೆ ಬಿಟ್ಟಿರುತ್ತದೆ. ಮಕ್ಕಳು ಹೂ ತರುತ್ತಾರೆ, ಗುರುಗಳು ತೆನೆಯನ್ನು ಆಶೀರ್ವದಿಸುತ್ತಾರೆ, ಮನೆಮಂದಿಯೆಲ್ಲ ಹೊಸ ಅಕ್ಕಿಯ ಊಟಕ್ಕೆ ಕೂಡುತ್ತಾರೆ. ಅಲ್ಲಿನ ಮಳೆ, ಮಣ್ಣು, ಹಬ್ಬ ಮೂರೂ ಒಂದೇ ಮಾತನ್ನಾಡುತ್ತವೆ.

ಆದರೆ ಅದೇ ದಿನ ಬಯಲುಸೀಮೆಯತ್ತ ಬನ್ನಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವುದು ಸಾಮಾನ್ಯವಾಗಿ ಜುಲೈನಲ್ಲಿ. ಸಿಂಧನೂರಿನ ಗದ್ದೆಗಳಲ್ಲಿ ನಾಟಿ ನಡೆಯುವುದು ಅದರ ನಂತರ. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಅಲ್ಲಿರುವುದು ಹಸಿರು ಪೈರು ಮಾತ್ರ. ಕೊಯ್ಲು ನವೆಂಬರ್, ಡಿಸೆಂಬರಿಗೆ. ಮಸ್ಕಿ, ಲಿಂಗಸೂಗೂರುಗಳ ಮಳೆಯಾಶ್ರಿತ ಎರೆ ಹೊಲಗಳಲ್ಲಿ ಆಗ ಹಿಂಗಾರಿ ಜೋಳಕ್ಕೆ ನೆಲ ಹದಗೊಳ್ಳುತ್ತಿರುತ್ತದೆ. ಅದರ ರಾಶಿಯಾಗುವುದು ಫೆಬ್ರವರಿಯ ಸುಮಾರಿಗೆ. ಹೆಸರು, ಸಜ್ಜೆಗಳು ಆ ವೇಳೆಗೆ ಕೈಗೆ ಬರುವುದುಂಟು. ಉಳಿದಂತೆ ಹತ್ತಿ, ತೊಗರಿ, ಕಡಲೆ, ಬಿಳಿಜೋಳ ಎಲ್ಲವೂ ಮುಂದಿನ ಮಾತು. ಕರಾವಳಿಯ ರೂಢಿ ಪತ್ರಿಕೆಗಳು, ಪ್ರಬೋಧನೆಗಳು, ಅಲ್ಲಿಂದ ಸೇವೆಗೆ ಬಂದ ಗುರುಗಳು ಹಾಗೂ ಧರ್ಮಭಗಿನಿಯರ ಮೂಲಕ ಇಲ್ಲಿಗೂ ಬಂದಿದೆ. ಅದನ್ನು ಅದೇ ದಿನಾಂಕದಲ್ಲಿ ಆಚರಿಸುವ ಕಡೆ, ಇನ್ನೂ ಹುಟ್ಟದ ತೆನೆಗಾಗಿ ಕೃತಜ್ಞತೆ ಸಲ್ಲಿಸಬೇಕಾಗುತ್ತದೆ. ಅಥವಾ ಪೇಟೆಯಿಂದ ತಂದ ಕಬ್ಬು, ಬಾಳೆಗಳು ಹೊಲದ ಸ್ಥಾನವನ್ನು ತುಂಬಬೇಕಾಗುತ್ತದೆ.

ಧರ್ಮಸಭೆ ಇದನ್ನು ನಮ್ಮ ಮೇಲೆ ಹೇರಿದೆಯೇ? ಇಲ್ಲ. ಋತುಗಳನ್ನು ಪವಿತ್ರಗೊಳಿಸುವ ಎಂಬರ್ ದಿನಗಳು, ಬೆಳೆಗಾಗಿ ಬೇಡುವ ರೊಗೇಷನ್ ದಿನಗಳು ಶತಮಾನಗಳ ಕಾಲ ಯುರೋಪಿನ ಹವಾಮಾನಕ್ಕೆ ಹೊಂದಿಕೊಂಡಿದ್ದವು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬಳಿಕ, 1969ರಲ್ಲಿ ಪ್ರಕಟವಾದ ಆರಾಧನಾ ವರ್ಷದ ಸಾಮಾನ್ಯ ನಿಯಮಗಳು ಈ ದಿನಗಳ ಕಾಲವನ್ನೂ ವಿಧಾನವನ್ನೂ ಆಯಾ ಪ್ರದೇಶಕ್ಕೆ ತಕ್ಕಂತೆ ಗೊತ್ತುಪಡಿಸುವ ಹೊಣೆಯನ್ನು ಧರ್ಮಾಧ್ಯಕ್ಷರ ಮಂಡಳಿಗಳಿಗೆ ಒಪ್ಪಿಸಿದವು. ಪೂಜಾಗ್ರಂಥದಲ್ಲಿ ಬಿತ್ತನೆಯ ಕಾಲಕ್ಕೆ, ಸುಗ್ಗಿಯ ನಂತರಕ್ಕೆ, ಮಳೆಗಾಗಿ, ಕ್ಷಾಮದ ಕಾಲಕ್ಕೆ ಬೇರೆಬೇರೆ ಬಲಿಪೂಜೆಗಳಿವೆ. ಸ್ವಾತಂತ್ರ್ಯ ನಮಗಿದೆ, ಅದನ್ನು ನಾವು ಬಳಸಿದ್ದು ಅಲ್ಪ.

ನೀರು ಯಾವ ದಿಕ್ಕಿನಿಂದ?

ಧರ್ಮೋಪದೇಶಕಾಂಡದ ಹನ್ನೊಂದನೆಯ ಅಧ್ಯಾಯದಲ್ಲಿ ಒಂದು ಹೋಲಿಕೆಯಿದೆ. ಈಜಿಪ್ಟಿನಲ್ಲಿ ಜನರು ತಮ್ಮ ಶ್ರಮದಿಂದ ನೀರು ಹಾಯಿಸಿ ಬೆಳೆ ತೆಗೆಯುತ್ತಿದ್ದರು. ವಾಗ್ದತ್ತ ನಾಡಾದರೋ ಆಕಾಶದ ಮಳೆಯನ್ನು ಕುಡಿಯುವ ನೆಲ. ಕಾಲುವೆಯ ಬದಿಯಲ್ಲಿ ಬದುಕಿದವರು ಇನ್ನು ಆಕಾಶದತ್ತ ನೋಡಿ ಬದುಕಲು ಕಲಿಯಬೇಕು ಎಂಬುದು ಅದರ ತಾತ್ಪರ್ಯ. ನಮ್ಮ ಸೀಮೆಯಲ್ಲಿ ಈ ಎರಡೂ ನಾಡುಗಳು ಒಂದರ ಪಕ್ಕದಲ್ಲೊಂದಿವೆ. ಸಿಂಧನೂರಿನ ಬಹುಭಾಗ ಕಾಲುವೆಯ ನಾಡು. ಮಸ್ಕಿಯ ಎಷ್ಟೋ ಹಳ್ಳಿಗಳು ಇಂದಿಗೂ ಮೋಡವನ್ನು ನೋಡುವ ನಾಡು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 2020ರ ಕೊನೆಯಲ್ಲಿ ಧರಣಿ ಕೂತ ರೈತರು ತಿಂಗಳುಗಟ್ಟಲೆ ಕದಲಲಿಲ್ಲ. ಕೆಲವೇ ಹರದಾರಿ ದೂರದಲ್ಲಿ ಎರಡು ಬೆಳೆ, ಇಲ್ಲಿ ಒಂದು ಬೆಳೆಗೂ ಮಳೆಯ ಹಂಗು!

ಕಾಲುವೆಯ ನಾಡಿನ ಭರವಸೆಯೂ ಶಾಶ್ವತವಲ್ಲ. ತುಂಗಭದ್ರಾ ಜಲಾಶಯ 1953ರಲ್ಲಿ ಪೂರ್ಣಗೊಂಡಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಇಂದು ಅದು ಸುಮಾರು 105ಕ್ಕೆ ಇಳಿದಿದೆ. ಮಿತ ನೀರಿನ ಬೆಳೆಗಳಿಗೆಂದು ಹೆಚ್ಚಾಗಿ ಯೋಜಿಸಲಾಗಿದ್ದ ಅಚ್ಚುಕಟ್ಟಿನಲ್ಲಿ ಭತ್ತ ಮಿತಿಮೀರಿ ಹಬ್ಬಿತು. ಮೇಲ್ಭಾಗದಲ್ಲಿ ನೀರು ನಿಂತರೆ ಕಾಲುವೆಯ ಕೊನೆಯ ಹೊಲಗಳು ಬಾಯಾರುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷ ಜಲಾಶಯ ತುಂಬಿದ ಸಂತಸದ ನಡುವೆಯೇ, 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು ಒಂದು ವಾರದ ಹಗಲಿರುಳ ದುಡಿಮೆಯಿಂದ ತಾತ್ಕಾಲಿಕ ಗೇಟನ್ನು ಅಳವಡಿಸಲಾಯಿತು; ಮುಂದಿನ ಮಳೆ ಜಲಾಶಯವನ್ನು ಮತ್ತೆ ತುಂಬಿತು. ಎಲ್ಲ ಗೇಟುಗಳನ್ನೂ ಬದಲಿಸುವ ಸಲುವಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂಬ ತೀರ್ಮಾನ 2025ರ ನವೆಂಬರಿನಲ್ಲಿ ಹೊರಬಿತ್ತು.

ಇಂಥ ವರ್ಷಗಳಲ್ಲಿ ನಮ್ಮ ವಿಧಿ ಏನು ಹೇಳಿತು? ಸಮೃದ್ಧಿಯ ಅದೇ ಮಾತುಗಳನ್ನು, ಅದೇ ಹಾಡುಗಳನ್ನು ಪುನರುಚ್ಚರಿಸಿದರೆ ಆರಾಧನೆ ಹೊಲದಿಂದ ದೂರವಾಗುತ್ತದೆ. ಬೆಳೆಯಿಲ್ಲದಿದ್ದರೂ ದೇವರಲ್ಲಿ ಆನಂದಿಸುವೆನೆಂಬ ಪ್ರವಾದಿ ಹಬಕ್ಕೂಕನ ನಿಲುವನ್ನು ಬರಗಾಲದಲ್ಲಿ ಬೋಧಿಸುವುದುಂಟು. ಆದರೆ ಅದು ಆ ಗ್ರಂಥದ ಮೂರನೆಯ ಅಧ್ಯಾಯದ ಮಾತು. ಮೊದಲನೆಯ ಅಧ್ಯಾಯದಲ್ಲಿ ಅದೇ ಪ್ರವಾದಿ, ಹಿಂಸೆ ಅನ್ಯಾಯಗಳನ್ನು ಕಂಡೂ ಸುಮ್ಮನಿರುವುದೇಕೆಂದು ದೇವರೊಡನೆ ವಾದಕ್ಕೆ ನಿಂತಿದ್ದಾನೆ. ದೂರನ್ನು ಕೇಳಿಸಿಕೊಳ್ಳದೆ ಸ್ತುತಿಯನ್ನು ಮಾತ್ರ ಬಯಸುವ ಪ್ರಬೋಧನೆ ಹಬಕ್ಕೂಕನನ್ನು ಅರ್ಧಕ್ಕೆ ಓದುತ್ತದೆ. ಸಾಲದ ಕಂತಿಗೆ ಹೆದರಿ ಕುಳಿತಿರುವವನಿಗೆ ಆ ಅರ್ಧ ಓದಿನಿಂದ ಸಾಂತ್ವನ ದೊರಕದು.

ಪಠ್ಯವೇ ನುಡಿಯುವ ಎಚ್ಚರ

ಸುಗ್ಗಿಯ ಕೃತಜ್ಞತಾಪೂಜೆಗೆ ಧರ್ಮಸಭೆ ಸೂಚಿಸಿರುವ ವಾಚನಗಳು ನಮ್ಮ ಆಚರಣೆಗಿಂತ ಹರಿತವಾಗಿವೆ. ಶುಭಸಂದೇಶಕ್ಕೆ ಸಂತ ಲೂಕನಿಂದ ಎರಡು ಭಾಗಗಳನ್ನು ಕೊಡಲಾಗಿದೆ. ಒಂದು, ಹುಲುಸಾದ ಬೆಳೆ ಕಂಡು ದೊಡ್ಡ ಕಣಜಗಳನ್ನು ಕಟ್ಟಲು ಹೊರಟ ಬುದ್ಧಿಹೀನ ಧನಿಕನ ಸಾಮತಿ. ಆತನ ಮಾತನ್ನು ಗಮನಿಸಿ: ಬೆಳೆ ನನ್ನದು, ಕಣಜ ನನ್ನದು, ಸಂಪತ್ತು ನನ್ನದು. ಬಿತ್ತಿದವರು, ಕಳೆ ಕಿತ್ತವರು, ಕೊಯ್ದವರು ಆ ಮಾತಿನಲ್ಲಿ ಎಲ್ಲಿಯೂ ಸುಳಿಯುವುದಿಲ್ಲ. ಸುಗ್ಗಿಯ ದಿನವೇ ಈ ಕಥೆಯನ್ನು ಓದಿಸುವ ಧರ್ಮಸಭೆಯ ವಿವೇಕ ದೊಡ್ಡದು. ಇನ್ನೊಂದು, ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗ. ಹಿಂದಿರುಗಿ ಬಂದು ಕೃತಜ್ಞತೆ ಸಲ್ಲಿಸಿದವನು ಒಬ್ಬನೇ, ಅವನೂ ಪರಕೀಯನೆನಿಸಿಕೊಂಡ ಸಮಾರ್ಯದವನು.

ಇವುಗಳ ಜೊತೆಯಲ್ಲಿ ಇಪ್ಪತ್ತಾರನೆಯ ಅಧ್ಯಾಯದ ಪ್ರಥಮ ಫಲದ ವಿಧಿಯನ್ನು ಓದಬೇಕು. ಬುಟ್ಟಿಯಲ್ಲಿ ಹೊಸ ಫಲವನ್ನು ತಂದ ಇಸ್ರಯೇಲನು ಬೆಳೆಯ ವರ್ಣನೆಗೆ ತೊಡಗುವುದಿಲ್ಲ. ತನ್ನ ಪೂರ್ವಜನ ಅಲೆದಾಟವನ್ನು, ಈಜಿಪ್ಟಿಗೆ ಹೋದುದನ್ನು, ಅಲ್ಲಿ ಜೀತಕ್ಕೆ ಬಿದ್ದುದನ್ನು, ದೇವರು ಬಿಡಿಸಿದುದನ್ನು ಹೇಳಿ, ಆಮೇಲೆ ಬುಟ್ಟಿಯನ್ನು ಇಡುತ್ತಾನೆ. ಯಕೋಬನ ಮನೆತನ ಈಜಿಪ್ಟಿಗೆ ಹೋದದ್ದೇಕೆ? ಬರಗಾಲದಿಂದ. ನಮ್ಮ ಕಡೆಯ ನುಡಿಯಲ್ಲಿ ಹೇಳುವುದಾದರೆ, ಅದು ಗುಳೆ ಹೋದ ಕುಟುಂಬ. ಬೆತ್ಲೆಹೇಮಿನ ನವೊಮಿಯೂ ಬರಕ್ಕೆ ಮೋವಾಬಿಗೆ ಗುಳೆ ಹೋದವಳೇ. ಅವಳ ಸೊಸೆ ರೂತಳು ಪರರ ಹೊಲದಲ್ಲಿ ಹಕ್ಕಲಾಯ್ದವಳು. ಬೈಬಲಿನ ಸುಗ್ಗಿಯ ವಿಧಿ ಗುಳೆಯ ನೆನಪಿನಿಂದ ಆರಂಭವಾಗಿ, ನೆಲವಿಲ್ಲದ ಲೇವಿಯರೊಡನೆ, ಪರದೇಶಿಗಳೊಡನೆ ಸಂತೋಷವನ್ನು ಹಂಚಿಕೊಳ್ಳುವುದರಲ್ಲಿ ಮುಗಿಯುತ್ತದೆ.

ತೆನೆ ಹಿಡಿದ ಕೈ

ಇಲ್ಲಿಯೇ ನಮ್ಮ ವಿಧಿಯ ದೊಡ್ಡ ಕೊರತೆ ಕಾಣುವುದು. ಈ ಸೀಮೆಯ ಕಥೋಲಿಕರಲ್ಲಿ ಹೆಚ್ಚಿನವರು ದಲಿತ ಮೂಲದ ಕೂಲಿ ಕುಟುಂಬಗಳವರು. ಕೆಲವರಿಗೆ ತುಂಡು ಭೂಮಿ, ಅನೇಕರಿಗೆ ಅದೂ ಇಲ್ಲ. ಭತ್ತ ನಾಟಿ ಮಾಡುವವರು, ಹತ್ತಿ ಬಿಡಿಸುವವರು ಬಹುತೇಕ ಹೆಣ್ಣುಮಕ್ಕಳು. ಭತ್ತದ ಕೊಯ್ಲನ್ನು ಈಗ ಯಂತ್ರಗಳು ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ. ಮಾಲೀಕನಿಗೆ ಸುಗ್ಗಿಯಾದರೆ ಕೂಲಿಯವಳಿಗೆ ಕೆಲಸ ಮುಗಿದ ದಿನ. ಆ ಬಳಿಕ ಮನೆಗೆ ಬೀಗ ಜಡಿದು, ಮುದುಕರನ್ನು ಊರಲ್ಲಿ ಬಿಟ್ಟು, ಬೆಂಗಳೂರು, ಪುಣೆ, ಗೋವೆಗಳ ಕಟ್ಟಡ ಕೆಲಸಕ್ಕೆ ಗುಳೆ. ದುಡಿಮೆಯ ಅರ್ಧವರ್ಷ ಹೀಗೆ ಕಳೆಯುವ ಧರ್ಮಕೇಂದ್ರದಲ್ಲಿ, ಹೊಲದ ಒಡೆಯನ ಬಾಯಲ್ಲಿ ಒಪ್ಪುವ ಮಾತುಗಳಿಂದಲೇ ಕೃತಜ್ಞತೆ ಹೇಳಿದರೆ ಅದು ಯಾರ ಕೃತಜ್ಞತೆ? ವಿಶ್ವಾಸಿಗಳ ಬಿನ್ನಹಗಳಲ್ಲಿ ಮಳೆಯ ಕೋರಿಕೆಯಿರುತ್ತದೆ. ನ್ಯಾಯವಾದ ಕೂಲಿಯ ಕೋರಿಕೆ ಅಪರೂಪ. ಅರ್ಪಣೆಯ ಹೊತ್ತಿನಲ್ಲಿ ರೊಟ್ಟಿಯನ್ನು ಭೂಮಿಯ ಫಲವೆಂದೂ ಮಾನವ ದುಡಿಮೆಯ ಫಲವೆಂದೂ ಸ್ಮರಿಸುತ್ತೇವೆ. ಎರಡನೆಯ ಮಾತಿನ ಮೇಲೆ ನಮ್ಮ ಗಮನ ನಿಲ್ಲುವುದಿಲ್ಲ.

ಸಂಸ್ಕೃತೀಕರಣದ ದೋಷವೊಂದನ್ನೂ ಹೇಳಬೇಕು. 1969ರಲ್ಲಿ ಭಾರತದ ಆರಾಧನೆಗೆ ಒಪ್ಪಿಗೆ ಪಡೆದ ಹನ್ನೆರಡು ಅಳವಡಿಕೆಗಳು ಆರತಿ, ದೀಪ, ಅಂಜಲಿ, ಧೂಪಗಳನ್ನು ತಂದವು. ಅವು ಸುಂದರವಾಗಿವೆ. ಆದರೆ ಹೆಚ್ಚಾಗಿ ಗುಡಿಯ ಸನ್ನೆಗಳು. ಹೊಲದ ಸನ್ನೆಗಳು ಹೊರಗೇ ಉಳಿದವು. ಎಳ್ಳ ಅಮಾವಾಸ್ಯೆಯಂದು ಈ ಭಾಗದ ಜನರು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜೆ ರೊಟ್ಟಿ, ಕಡುಬು, ಪುಂಡಿ ಪಲ್ಯಗಳ ಬುತ್ತಿಯನ್ನು ಬಿಚ್ಚಿ, ಮೊದಲು ಭೂಮಿಗೆ ಚರಗ ಚೆಲ್ಲಿ, ಆಮೇಲೆ ಹಾದುಹೋಗುವವರನ್ನೂ ಕರೆದು ಉಣ್ಣುತ್ತಾರೆ. ಕಣದಲ್ಲಿ ರಾಶಿಯಾದಾಗ ಆಯಗಾರರಿಗೂ ದುಡಿದವರಿಗೂ ಅಳೆದು ಕೊಟ್ಟ ಬಳಿಕವೇ ಕಾಳು ಮನೆಗೆ ಹೋಗುತ್ತಿದ್ದ ಪದ್ಧತಿಯೂ ಇತ್ತು. ಆಯದ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಪಾಡಿತ್ತು, ಅದನ್ನು ಹೊಗಳಬೇಕಿಲ್ಲ. ಆದರೂ ಪಾಲು ಕೊಡದೆ ರಾಶಿ ಶುದ್ಧವಾಗದು ಎಂಬ ತಿಳಿವಳಿಕೆ ಧರ್ಮೋಪದೇಶಕಾಂಡಕ್ಕೆ ಹತ್ತಿರವಾದುದು.

ತೆನೆಯ ಆಯ್ಕೆಯಲ್ಲೂ ನೆನಪು ಬೇಕು. ಲಿಂಗಸೂಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೇ ಕಥೋಲಿಕ ಸಮುದಾಯವಿತ್ತೆಂದು ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ಈ ಸೀಮೆಯ ಅಚ್ಚುಕಟ್ಟಿಗೆ ಭತ್ತ ಈ ಪ್ರಮಾಣದಲ್ಲಿ ಬಂದದ್ದು ಜಲಾಶಯದ ನಂತರ. ಇಲ್ಲಿ ವಿಶ್ವಾಸ ಬೆಳೆದದ್ದು ಜೋಳದ ರೊಟ್ಟಿ ತಿಂದು. ಬಲಿಪೀಠದ ಮುಂದೆ ಭತ್ತದ ತೆನೆಯ ಜೊತೆಗೆ ಬಿಳಿಜೋಳದ ತೆನೆಯೂ ಇರುವುದು ನ್ಯಾಯ.

ಮುಂದೇನು?

ವಿಮರ್ಶೆ ತಪ್ಪು ಹುಡುಕುವುದಕ್ಕೇ ನಿಲ್ಲಬಾರದು. ಜೂನ್ ತಿಂಗಳಲ್ಲಿ, ಯೇಸುವಿನ ಪವಿತ್ರ ಹೃದಯದ ಹಬ್ಬದ ಸುತ್ತಮುತ್ತ, ಬೀಜಗಳ ಆಶೀರ್ವಾದವಿರಲಿ. ಕ್ರಿಸ್ತರಾಜರ ಮಹೋತ್ಸವಕ್ಕೆ ಮುಂಚಿನ ವಾರದ ಒಂದು ಸಂಜೆ, ಕೂಲಿಯವರು ಮನೆಗೆ ಮರಳಿದ ಹೊತ್ತಿನಲ್ಲಿ, ಸುಗ್ಗಿಯ ಬಲಿಪೂಜೆ ನಡೆಯಲಿ. ಆಗ ಗದ್ದೆಯಲ್ಲಿ ನಿಜವಾಗಿಯೂ ಭತ್ತ ಮಾಗಿರುತ್ತದೆ, ಹತ್ತಿ ಅರಳಿರುತ್ತದೆ. ಕಾಣಿಕೆಯ ಮೆರವಣಿಗೆಯಲ್ಲಿ ನಾಟಿ ಮಾಡಿದ ತಾಯಂದಿರೇ ತೆನೆಯನ್ನು ತರಲಿ. ಗುಳೆ ಹೊರಡುವ ಕುಟುಂಬಗಳನ್ನು ಹೆಸರು ಹಿಡಿದು ಪ್ರಾರ್ಥಿಸಿ ಕಳುಹಿಸುವ ಒಂದು ಚಿಕ್ಕ ವಿಧಿಯಿರಲಿ. ಮುಂಗಾರಿಗೆ ಮರಳಿದಾಗ ಸ್ವಾಗತವೂ ಇರಲಿ. ಸೃಷ್ಟಿಯ ಪಾಲನೆಗಾಗಿ ವ್ಯಾಟಿಕನ್ 2025ರ ಜುಲೈನಲ್ಲಿ ಹೊಸ ಬಲಿಪೂಜೆಯ ಪಠ್ಯವನ್ನೇ ಪ್ರಕಟಿಸಿರುವಾಗ, ಧರ್ಮಾಧ್ಯಕ್ಷರ ಅನುಮತಿಯೊಡನೆ ನಮ್ಮ ಧರ್ಮಕೇಂದ್ರಗಳು ಇಷ್ಟನ್ನು ಮಾಡುವುದು ಅತಿಯಾಗದು.

ಸೆಪ್ಟೆಂಬರ್ 8 ಮಾತೆಯ ಜನನೋತ್ಸವವಾಗಿ ಎಂದಿನಂತೆ ಉಳಿಯಲಿ. ಹಸಿದವರನ್ನು ದೇವರು ತೃಪ್ತಿಪಡಿಸಿದರೆಂದು ಹಾಡಿದ ಆ ತಾಯಿಗೆ ಇನ್ನೂ ತೆನೆಗಟ್ಟದ ಪೈರನ್ನು ಕಾಯುವ ಕೆಲಸವನ್ನು ಒಪ್ಪಿಸೋಣ. ಬೆಳೆ ಬಂದ ದಿನ ಬೆಳೆದವರೊಡನೆ ನಿಂತು ಕೃತಜ್ಞತೆ ಸಲ್ಲಿಸೋಣ. ಬಾರದ ವರ್ಷ ಅವರೊಡನೆ ನಿಂತು ದೇವರನ್ನು ಕೇಳೋಣ. ಓದುಗರೇ, ನಿಮ್ಮ ಧರ್ಮಕೇಂದ್ರದ ಪಾಲನಾ ಪರಿಷತ್ತು ಮುಂದಿನ ಬಾರಿ ಸೇರಿದಾಗ ಒಂದು ಪ್ರಶ್ನೆಯನ್ನು ಮಂಡಿಸಿರಿ: ನಮ್ಮ ಹೊಲದಲ್ಲಿ ಸುಗ್ಗಿ ಯಾವಾಗ, ಮತ್ತು ಆ ದಿನ ನಮ್ಮ ಜನ ಎಲ್ಲಿರುತ್ತಾರೆ?