ತಪ್ಪು ದಾರಿಯದೋ, ಪೆಟ್ಟಿಗೆಯದೋ

ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ–ಮುಧೋಳ ರಸ್ತೆಯಲ್ಲಿ ತಾಸಿಗೆ 18 ಕಿಲೋಮೀಟರ್ ವೇಗದಲ್ಲಿ ಸಾಗುವ ಟ್ರ್ಯಾಕ್ಟರಿನ ಮೇಲೆ 435 ಮೆಗಾಹರ್ಟ್ಸ್‌ನ ಪ್ರೇಷಕವನ್ನಿಟ್ಟರೆ, ಚಲನೆಯಿಂದ ಆವರ್ತನದಲ್ಲಾಗುವ ಡಾಪ್ಲರ್ ಪಲ್ಲಟ ಹೆಚ್ಚೆಂದರೆ ಸುಮಾರು 7 ಹರ್ಟ್ಸ್ ಆಗುತ್ತದೆ. ಅದನ್ನು ಅಳೆಯಲು ಬದುವಿನ ಮೇಲಿಟ್ಟ ಸಾಫ್ಟ್‌ವೇರ್ ರೇಡಿಯೊದ ಗಡಿಯಾರದ ಸ್ಫಟಿಕ ದಶಲಕ್ಷಕ್ಕೆ ಒಂದು ಪಾಲು ತಪ್ಪಿದರೂ ಸೇರಿಕೊಳ್ಳುವ ದೋಷ 435 ಹರ್ಟ್ಸ್. ಇದನ್ನು ಕಳೆಯಲೇಬೇಕೆಂಬುದರಲ್ಲಿ ವಿವಾದವಿಲ್ಲ. ಹೇಗೆ ಕಳೆಯಬೇಕೆಂಬುದರಲ್ಲಿ ಎರಡು ಪಂಥಗಳಿವೆ.

ಬಂದ ಸಂಕೇತವೊಂದರಿಂದಲೇ ಎಲ್ಲ ದೋಷಗಳನ್ನೂ ಊಹಿಸಿ ತಿದ್ದಬಹುದೆನ್ನುವ ಪಂಥದ ಮಾತು ಅರ್ಧ ನಿಜ. ರೇಡಿಯೊ ಸಂಕೇತವನ್ನು 90 ಡಿಗ್ರಿ ಅಂತರದ ಐ ಮತ್ತು ಕ್ಯೂ ಎಂಬ ಎರಡು ಕವಲುಗಳಲ್ಲಿ ಇಳಿಸಿಕೊಳ್ಳುವಾಗ, ವರ್ಧನೆಯಲ್ಲಿ ಶೇ 1 ಮತ್ತು ಕೋನದಲ್ಲಿ 1 ಡಿಗ್ರಿ ವ್ಯತ್ಯಾಸವಾದರೆ, ಮೂಲಕ್ಕಿಂತ ಸುಮಾರು 40 ಡೆಸಿಬೆಲ್ ಕೆಳಗೆ, ಅಂದರೆ ಶಕ್ತಿಯಲ್ಲಿ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು, ಕನ್ನಡಿ ಬಿಂಬ ಮೂಡುತ್ತದೆ. ಎರಡು ಕವಲುಗಳ ಸರಾಸರಿ ವರ್ತನೆಯನ್ನು ಹೋಲಿಸಿ ಇದನ್ನು ಅಳಿಸಬಹುದು. ರೇಡಿಯೊದೊಳಗಿನ ಫಿಲ್ಟರಿನ ದೋಷದ ಜಾತಿ ಬೇರೆ. ಬೀಳಗಿ ಸೀಮೆಯ ಆಲಮಟ್ಟಿ ಹಿನ್ನೀರಿಗೆ ತಾಗಿ ಬಂದ ತರಂಗವು ನೇರ ತರಂಗದೊಡನೆ ಕೂಡಿ ಕೆಲವು ಆವರ್ತನಗಳನ್ನು ಕುಗ್ಗಿಸುತ್ತದೆ, ಫಿಲ್ಟರೂ ಕುಗ್ಗಿಸುತ್ತದೆ. ಇವೆರಡನ್ನೂ ಒಟ್ಟಿಗೆ ಸಮತಟ್ಟು ಮಾಡುವ ಊಹೆಯ ತಿದ್ದುಪಡಿಯಲ್ಲಿ, ಅಳೆಯಬೇಕಾಗಿದ್ದ ಹಿನ್ನೀರಿನ ಗುರುತೇ ಅಳಿದುಹೋಗುತ್ತದೆ.

ಮುಧೋಳದ ಕವಿ ರನ್ನ ‘ಅಜಿತಪುರಾಣ’ದಲ್ಲಿ ಕೃತಿಯನ್ನು ಪರೀಕ್ಷಿಸಹೊರಟವನ ಯೋಗ್ಯತೆಯನ್ನೇ ಕೇಳಿದ್ದನು, ಅಳತೆಯ ಕೆಲಸಕ್ಕೂ ಆ ಪ್ರಶ್ನೆ ಮೊದಲು ಬರಬೇಕು. ಇನ್ನೊಂದು ಪಂಥದ ದಾರಿ ಇದು: ಆಂಟೆನಾಗಳನ್ನು ಕಳಚಿ, ಪ್ರೇಷಕ ಮತ್ತು ಗ್ರಾಹಕಗಳನ್ನು ಕೇಬಲಿನಿಂದ ಜೋಡಿಸಿ, ಸಂಕೇತವನ್ನು ಗೊತ್ತಾದಷ್ಟು ತಗ್ಗಿಸಿ ಗ್ರಾಹಕ ಸುಡದಂತೆ ಕಾಯುವ ಅಟೆನ್ಯುಯೇಟರನ್ನು ನಡುವೆ ಇಟ್ಟು ಅಳೆದರೆ ದೊರೆಯುವುದು ಪೆಟ್ಟಿಗೆಗಳ ಗುಣ. ಹೊಲದ ಅಳತೆಯನ್ನು ಪ್ರತಿ ಆವರ್ತನದಲ್ಲಿಯೂ ಇದರಿಂದ ಭಾಗಿಸಿ, ಕೇಬಲಿನ ಮತ್ತು ಅಟೆನ್ಯುಯೇಟರಿನ ಗೊತ್ತಾದ ನಷ್ಟವನ್ನು ಲೆಕ್ಕಕ್ಕೆ ಹಿಡಿದರೆ, ಉಳಿಯುವುದು ಆಂಟೆನಾ ಮತ್ತು ದಾರಿಯ ಗುಣ. ವರ್ಧನೆಯ ಮಟ್ಟ ಎರಡೂ ಅಳತೆಗಳಲ್ಲಿ ಒಂದೇ ಇರಬೇಕು. ಈ ಸೀಮೆಯ ಬಿಸಿಲಿಗೆ ಸ್ಫಟಿಕ ಜಾರುವುದರಿಂದ ಎರಡೂ ತುದಿಗಳ ಗಡಿಯಾರಗಳನ್ನು ಜಿಪಿಎಸ್‌ಗೆ ಕಟ್ಟಿ, ಕೇಬಲಿನ ಅಳತೆಯನ್ನು ಹೊಲದಿಂದ ಬಂದ ಮೇಲೂ ಒಮ್ಮೆ ಮಾಡಬೇಕು.

ರಬಕವಿ–ಬನಹಟ್ಟಿಯ ಮಗ್ಗದ ಶೆಡ್ಡುಗಳಲ್ಲಿ ಇಷ್ಟೂ ಸಾಲದು. ಸೆಕೆಂಡಿಗೆ 2 ಕೋಟಿ ಮಾದರಿಗಳನ್ನು ತೆಗೆಯುವ ರೇಡಿಯೊಗೆ ಒಂದು ಮಾದರಿಯ ಅವಧಿಯಲ್ಲಿ ತರಂಗ 15 ಮೀಟರ್ ಸಾಗಿರುವುದರಿಂದ, ತಗಡಿನ ಮಾಡು ಮತ್ತು ಕಬ್ಬಿಣದ ಮಗ್ಗಗಳ ಪ್ರತಿಧ್ವನಿಗಳೆಲ್ಲ ಒಂದರಲ್ಲೊಂದು ಬೆರೆಯುತ್ತವೆ. ಅವನ್ನು ಬಿಡಿಸಲು ಅಕ್ಕಪಕ್ಕದ ಆವರ್ತನ ಪಟ್ಟಿಗಳನ್ನು ಒಂದೊಂದಾಗಿ ಅಳೆದು ಹೊಲಿಯಬೇಕು. ಆಗ ಪ್ರತಿ ಪಟ್ಟಿಗೂ ಕೇಬಲಿನ ಅಳತೆ ಬೇರೆಯಾಗಿಯೇ ಬೇಕು.