ಬೆರಳು ಎಲ್ಲಿ ನಿಂತಿತು?

ಬುಟ್ಟಿ ತುಂಬ ಸಾಮಾನು, ಕೈಯಲ್ಲಿ ದುಡ್ಡು. ಆದರೂ ಗಿರಾಕಿ ಕೊಳ್ಳದೆ ಎದ್ದುಹೋಗುತ್ತಿದ್ದ. ಅಮೆರಿಕದ ದೊಡ್ಡದೊಂದು ಆನ್‌ಲೈನ್ ಅಂಗಡಿಯ ಈ ಕಥೆಯನ್ನು ವೆಬ್‌ಸೈಟ್ ಬಳಕೆಯ ಪರೀಕ್ಷೆಯಲ್ಲಿ ಪಳಗಿದ ಜ್ಯಾರೆಡ್ ಸ್ಪೂಲ್ 2009ರಲ್ಲಿ ಬರೆದರು. ಅಂಗಡಿಯ ಹೆಸರೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಬಿಚ್ಚಿಟ್ಟರು.

ಅಡ್ಡಿಯಾಗಿದ್ದದ್ದು ಪುಟ್ಟದೊಂದು ಫಾರ್ಮ್. ಇಮೇಲ್‌ಗೆ ಒಂದು ಖಾನೆ, ಪಾಸ್‌ವರ್ಡ್‌ಗೆ ಇನ್ನೊಂದು, ಕೆಳಗೆ ‘ಲಾಗಿನ್’, ‘ರಿಜಿಸ್ಟರ್’ ಎಂಬ ಎರಡು ಬಟನ್. ಸಾಮಾನು ಕೊಳ್ಳಲು ಬಂದವನಿಗೆ ನೋಂದಣಿ ಯಾಕೆ ಎಂದು ಹೊಸಬರು ಸಿಡಿಮಿಡಿಗೊಂಡರು. ಹಳಬರಿಗೆ ಹಿಂದೆ ಯಾವ ಇಮೇಲ್ ಕೊಟ್ಟಿದ್ದೆವು ಎಂಬುದೇ ಮರೆತಿತ್ತು. ಲೆಕ್ಕ ತೆಗೆದರೆ, ಗಿರಾಕಿಗಳಲ್ಲಿ ಶೇ 45ರಷ್ಟು ಮಂದಿ ಒಂದಕ್ಕಿಂತ ಹೆಚ್ಚು ಸಲ ನೋಂದಾಯಿಸಿಕೊಂಡಿದ್ದರು. ಪಾಸ್‌ವರ್ಡ್ ಮರೆತಿದೆ ಎಂಬ ಕೋರಿಕೆ ದಿನಕ್ಕೆ 1,60,000. ಹಾಗೆ ಕೋರಿದವರಲ್ಲಿ ಮುಕ್ಕಾಲು ಪಾಲು ಮಂದಿ ಖರೀದಿ ಮುಗಿಸಲು ಮರಳಲೇ ಇಲ್ಲ. ಕೊನೆಗೆ ‘ರಿಜಿಸ್ಟರ್’ ತೆಗೆದು ‘ಮುಂದುವರಿಯಿರಿ’ ಎಂಬ ಬಟನ್ ಇಟ್ಟರು; ಖಾತೆ ತೆರೆಯುವುದು ಕಡ್ಡಾಯವಲ್ಲ ಎಂದು ಪಕ್ಕದಲ್ಲಿ ಬರೆದರು. ಮೊದಲ ವರ್ಷದ ಹೆಚ್ಚುವರಿ ವ್ಯಾಪಾರ 30 ಕೋಟಿ ಡಾಲರ್.

ಆ ಫಾರ್ಮ್ ಮಾಡಿದವರು ದಡ್ಡರೇನಲ್ಲ. ಹಳೆಯ ಗಿರಾಕಿ ಪ್ರತಿ ಸಲ ವಿಳಾಸ ತುಂಬುವ ಕಷ್ಟ ತಪ್ಪಲಿ ಎಂದೇ ಮಾಡಿದ್ದರು. ಕಚೇರಿಯಲ್ಲಿ ವಾರಗಟ್ಟಲೆ ಚರ್ಚಿಸಿದ್ದರೂ ಈ ತಪ್ಪು ಕಣ್ಣಿಗೆ ಬೀಳುತ್ತಿರಲಿಲ್ಲ. ಜನರ ಕೈಗೆ ದುಡ್ಡು ಕೊಟ್ಟು, ಬೇಕಾದ್ದು ಕೊಳ್ಳಿ ಎಂದು ಕೂರಿಸಿ ನೋಡಿದ್ದಕ್ಕೆ ಬಿತ್ತು.

ಎಷ್ಟು ಜನರನ್ನು ಕೂರಿಸಬೇಕು? ಇದೇ ಕ್ಷೇತ್ರದ ಸಂಶೋಧಕರಾದ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಒಂದು ಲೆಕ್ಕ ಕೊಟ್ಟರು: ಒಬ್ಬ ಬಳಕೆದಾರನಿಂದ ಸರಾಸರಿ ಶೇ 31ರಷ್ಟು ತೊಡಕು ಹೊರಬೀಳುತ್ತದೆ. ಹಾಗಾದರೆ ಐದು ಜನರಿಂದ ಸುಮಾರು ಶೇ 85. ಸ್ಪೂಲ್ ಮತ್ತು ವಿಲ್ ಶ್ರೋಡರ್ 2001ರಲ್ಲಿ ಇದನ್ನು ಪ್ರಶ್ನಿಸಿದರು. ದೊಡ್ಡ ಅಂಗಡಿ ಸೈಟುಗಳಲ್ಲಿ ಮೊದಲ ಐವರಿಂದ ಅವರಿಗೆ ಸಿಕ್ಕಿದ್ದು ಶೇ 35 ಮಾತ್ರ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಐವರನ್ನು ಕೂರಿಸಿ, ತಿದ್ದಿ, ಮತ್ತೆ ಐವರನ್ನು ಕೂರಿಸುವುದು ಒಳ್ಳೆಯ ದಾರಿ. ನೀಲ್ಸನ್ ಹೇಳಿದ್ದೂ ಅದನ್ನೇ.

ಪರೀಕ್ಷೆಯ ಕಸುಬೆಲ್ಲ ಇರುವುದು ಬಾಯಿ ಕಟ್ಟಿಕೊಂಡು ಕೂರುವುದರಲ್ಲಿ. ಪರೀಕ್ಷೆ ಸೈಟಿಗೆ, ನಿಮಗಲ್ಲ ಎಂದು ಮೊದಲೇ ಹೇಳಬೇಕು. ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗಿ ಎನ್ನಬೇಕು. 1982ರಲ್ಲಿ ಐಬಿಎಂನ ಕ್ಲೇಟನ್ ಲೂಯಿಸ್ ಈ ಕ್ಷೇತ್ರಕ್ಕೆ ತಂದ ಪದ್ಧತಿ ಇದು. ತೆರೆಯ ಮೇಲಿನ ಪದವನ್ನು ಪ್ರಶ್ನೆಯಲ್ಲಿ ಬಳಸುವಂತಿಲ್ಲ. ಬಟನ್ ಮೇಲೆ ‘ಅರ್ಜಿ ಸಲ್ಲಿಸಿ’ ಎಂದಿದ್ದರೆ, ‘ಅರ್ಜಿ ಸಲ್ಲಿಸಿ ನೋಡೋಣ’ ಎಂದು ಕೇಳುವುದು ಉತ್ತರ ಹೇಳಿಕೊಟ್ಟ ಹಾಗೆ. ‘ಮಗಳ ಕಾಲೇಜಿಗೆ ಆದಾಯ ಪ್ರಮಾಣಪತ್ರ ಬೇಕಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾಗಬೇಕು. ಬೆರಳು ಎಲ್ಲಿ ತಡೆಯಿತು, ಎಲ್ಲಿಂದ ಹಿಂದಕ್ಕೆ ಬಂತು ಎಂಬುದನ್ನು ಬರೆದುಕೊಳ್ಳಬೇಕು. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಮರ್ಯಾದಸ್ಥರು ಚೆನ್ನಾಗಿದೆ ಎಂದೇ ಹೇಳುತ್ತಾರೆ.

ನಮ್ಮಲ್ಲಿ ಈ ಪರೀಕ್ಷೆಗೆ ಇನ್ನೂ ಹೆಚ್ಚು ಕೆಲಸವಿದೆ. ‘ಕೊನೆಯ ಹೆಸರು’ ಎಂಬ ಖಾನೆಗೆ ಕೆಂಪು ಚುಕ್ಕೆ ಹಾಕಿ ಕಡ್ಡಾಯ ಮಾಡಿರುತ್ತಾರೆ. ಹೆಸರಿನ ಹಿಂದೆ ಊರಿನದೂ ಅಪ್ಪನದೂ ಇನಿಷಿಯಲ್ ಇರುವ ಹಳೇ ಮೈಸೂರು ಕಡೆಯ ಮೇಷ್ಟ್ರು ಅಲ್ಲಿ ಏನು ತುಂಬಬೇಕು? ಅಪ್ಪನ ಹೆಸರು ಹಾಕಿದರೆ ಆಧಾರ್‌ಗೆ ಹೊಂದುವುದಿಲ್ಲ, ಖಾಲಿ ಬಿಟ್ಟರೆ ಪುಟ ಮುಂದೆ ಹೋಗುವುದಿಲ್ಲ. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಬಟನ್‌ನಲ್ಲಿ ಕನ್ನಡ ಕೂರಿಸಿದಾಗ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಪುಟವೆಲ್ಲ ಕನ್ನಡದಲ್ಲಿದ್ದು ಕ್ಯಾಪ್ಚಾ ಮಾತ್ರ ಇಂಗ್ಲಿಷಿನಲ್ಲಿದ್ದರೆ ಅಕ್ಷರ ಬಲ್ಲವರೂ ಸೈಬರ್ ಸೆಂಟರಿನ ಹುಡುಗನ ಕೈಗೆ ಫೋನ್ ಕೊಡುತ್ತಾರೆ. ಮೇಷ್ಟ್ರನ್ನು ಹತ್ತು ನಿಮಿಷ ಕೂರಿಸಿದರೆ ಇವೆಲ್ಲ ಹೊರಬೀಳುತ್ತವೆ.

ಕನ್ನಡಿಗರಿಗಾಗಿ ಸೈಟ್ ಮಾಡಿಸುತ್ತಿರುವವರು, ಸರ್ಕಾರವಾಗಲಿ ಖಾಸಗಿಯಾಗಲಿ, ಉದ್ಘಾಟನೆಯ ದಿನ ಗೊತ್ತುಮಾಡುವ ಮೊದಲು ಐದು ಜನರನ್ನು ಕೂರಿಸಿ. ಅವರಲ್ಲಿ ಇಬ್ಬರಾದರೂ ಇಂಗ್ಲಿಷ್ ಬಾರದವರಿರಲಿ, ಒಬ್ಬರು ಕಣ್ಣು ಕಾಣದೆ ಸ್ಕ್ರೀನ್ ರೀಡರ್ ಬಳಸುವವರಿರಲಿ.